ನೇಣಾ ಎಂಬ ಸಸ್ಯದ ವ್ಯುತ್ಪತ್ತಿ

ಕಾರಹುಣ್ಣಿಮೆಯ ಮರುದಿನ, ಮಂಗಳವಾರ. ಆಧಾರ: ಹಳಿಯಾಳದಲ್ಲಿರುವ ನನ್ನ ಅಕ್ಕನ ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ಅಕ್ಕನಿಗೆ ಹುಚ್ಚು ಹಿಡಿದದ್ದು ಅಂದೇ ಎಂದು ನಾನು ಖಚಿತವಾಗಿ ಹೇಳಬಲ್ಲೆ. ಅಕ್ಕನ ಪ್ರಕಾರ ಅದು ಹುಣ್ಣಿಮೆಯ ಹಿಂದಿನ ವಾರ. ಆದರೆ ಗ್ಯಾಸಿನ ಸಿಲಿಂಡರು ಬಂದ ದಿನವನ್ನೂ ತಪ್ಪದೆ ಗುರುತು ಹಾಕುವ ಭಾವನವರು ಆ ಮಂಗಳವಾರದ ಚೌಕದಲ್ಲಿ ‘ಇವತ್ತು ಅಡಿಗಿ ಇಲ್ಲ’ ಎಂದು ಬರೆದಿಟ್ಟಿದ್ದಾರೆ. ಹಸಿದ ಸಾಕ್ಷಿಯನ್ನು ನಂಬದೆ ಇನ್ಯಾರನ್ನು ನಂಬುವುದು?

ಅಕ್ಕ ಆಗ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಿದ್ದಳು. ವಯಸ್ಸು ಐವತ್ತರ ಆಸುಪಾಸು. ನಮ್ಮ ಕಡೆ ಶಿಕ್ಷಕಿಯರನ್ನು ‘ಅಕ್ಕೋರು’ ಎನ್ನುವುದು ರೂಢಿ. ಹೀಗಾಗಿ ಮುಂಡಗೋಡದಿಂದ ಜೋಯಿಡಾದವರೆಗೆ ಆಕೆ ಎಲ್ಲರಿಗೂ ಅಕ್ಕ. ಒಡಹುಟ್ಟಿದ ನನ್ನ ಪಾಲಿಗೆ ಉಳಿದದ್ದು ಸ್ವಲ್ಪವೇ. ಆ ಮಂಗಳವಾರ ಆಕೆ ದಾಂಡೇಲಿಗೆ ಹೊರಟಿದ್ದ ಬಸ್ಸು ನಡುದಾರಿಯಲ್ಲಿ ಪಂಕ್ಚರಾಗಿ ನಿಂತಿತು. ಇಳಿದವರೆಲ್ಲ ಕಂಡಕ್ಟರನನ್ನು ಬೈಯುತ್ತಿದ್ದಾಗ ಅಕ್ಕ ರಸ್ತೆ ಬದಿಯ ಹಳದಿ ಹೂವೊಂದನ್ನು ತೋರಿಸಿ ಅದರ ಹೆಸರು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ.

“ಇಪ್ಪತ್ತೈದು ವರ್ಷ ನಾಮಪದ ಕಲಿಸೇನಿ. ಇದಕ್ಕ ನಾಮಾನ ಇಲ್ಲಂದ್ರ ಹೆಂಗ?” ಎಂದು ಅಕ್ಕ ಅಲ್ಲೇ ಕುಳಿತುಬಿಟ್ಟಳು. ಟಯರು ಬದಲಾಯಿಸಿಕೊಂಡು ಬಸ್ಸು ಹೋಯಿತು. ಒಂದರ್ಥದಲ್ಲಿ ಅಕ್ಕ ಆ ಬಸ್ಸನ್ನು ಮತ್ತೆ ಹತ್ತಲೇ ಇಲ್ಲ.

ಮೊದಮೊದಲು ರಜೆಯ ದಿನಗಳು ಹೋದವು. ಆಮೇಲೆ ನೌಕರಿಯೇ ಹೋಯಿತು. ಅವಧಿಗೆ ಮುನ್ನ ನಿವೃತ್ತಿ ಪಡೆದು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟು ಅಕ್ಕ ಕಾಡು ಸೇರಿದಳು. ತಂದ ಗಿಡಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಬೇಕಲ್ಲ? ಅದಕ್ಕೆ ಭಾರ ಬೇಕು. ಭಾರ ಮನೆಯಲ್ಲೇ ಇತ್ತು: ಭಾವನವರು. ಅವರ ಹಾಸಿಗೆಯ ಕೆಳಗೆ ಇಡೀ ಪಶ್ಚಿಮಘಟ್ಟವೇ ಮಲಗಿತು.

“ರಾತ್ರಿ ಹೊಳ್ಳಿ ಮಲಗಬ್ಯಾಡ್ರಿ ಅಂತಾಳ, ಎಸಳು ಮಡಚತಾವಂತ,” ಎಂದು ಭಾವ ನನ್ನಲ್ಲಿ ಅಳಲು ತೋಡಿಕೊಂಡರು. “ಪೇಪರ್ ಓದಬೇಕಂದ್ರ ಗಿಡಾ ಒಣಗೂತನಕ ಕಾಯಬೇಕು. ಈಗ ನನಗ ಸುದ್ದಿ ಎಲ್ಲಾ ಹದಿನೈದು ದಿನಾ ತಡಾ.”

“ಏನ ಸುದ್ದಿ ಇರತಾವ ಬಿಡ್ರಿ,” ಎಂದಳು ಅಕ್ಕ ಅಡುಗೆಮನೆಯಿಂದ. “ಹದಿನೈದು ದಿನದ ಮ್ಯಾಲೂ ಉಳಿಯೂವಂಥಾ ಸುದ್ದಿ ಇದ್ರ ಓದ್ರಿ.”

ದಾಂಡೇಲಿ ಬಳಿಯ ಮೌಳಂಗಿಯ ಪ್ರಸಂಗವನ್ನು ನಾನು ಇಬ್ಬರು ಸಾಕ್ಷಿಗಳಿಂದ ತಾಳೆ ನೋಡಿದ್ದೇನೆ. ನದಿದಂಡೆಯ ಉದ್ಯಾನದ ಕಾಲುದಾರಿಯಲ್ಲಿ ಹೆಂಗಸೊಬ್ಬಳು ಬೋರಲು ಬಿದ್ದಿದ್ದಾಳೆ, ಉಸಿರಿದೆಯೋ ಇಲ್ಲವೋ ಎಂದು ಪ್ರವಾಸಿಗರು ಗಾಬರಿಯಾಗಿ ಗಾರ್ಡನನ್ನು ಕರೆತಂದರು. ಆತ ಅಂಜುತ್ತಲೇ ಬಗ್ಗಿ, “ಬಾಯಾರ, ಏಳ್ರಿ,” ಎಂದ.

“ಏಳತೇನಿ. ಮೊದಲ ನಿನ್ನ ಬೂಟ್ ಎತ್ತು, ಹೂವಿನ ಮ್ಯಾಲ ನಿಂತಿ,” ಎಂದಿತು ಹೆಣ. ಕೈಯಲ್ಲಿ ಭೂತಗನ್ನಡಿಯಿತ್ತು. ಧ್ವನಿ ಕೇಳಿದ್ದೇ ಗಾರ್ಡ್ ಒಂಟಿಕಾಲಿನಲ್ಲಿ ನಿಂತ. ಎಂಟನೆಯ ಇಯತ್ತೆಯಲ್ಲಿ ಅದೇ ಧ್ವನಿ ಅವನನ್ನು ಎಷ್ಟೋ ಸಲ ಹಾಗೆ ನಿಲ್ಲಿಸಿತ್ತು.

ಇನ್ನು ನೇಣಾ ಪ್ರಕರಣ. ಅಣಶಿಯ ಹತ್ತಿರ, ರಸ್ತೆಯ ಕೆಳಗಿನ ಇಳಿಜಾರಿನಲ್ಲಿ ಅಕ್ಕನಿಗೆ ಬೆರಳುದ್ದದ ನೀಲಿ ಹೂವಿನ ಬಳ್ಳಿಯೊಂದು ಸಿಕ್ಕಿತು. ಅತ್ತ ಬಂದ ಕೊಂಕಣಿ ಮಾತಿನ ಮುದುಕಿಯೊಬ್ಬಳನ್ನು, “ಆಯಿ, ಇದಕ್ಕೇನಂತಾರ?” ಎಂದು ಕೇಳಿದಳು. ಮುದುಕಿ, “ನೇಣಾ,” ಎಂದು ನಡೆದುಹೋದಳು. ಅಕ್ಕ ಹಿಗ್ಗಿದಳು. ಒಣಗಿಸಿದ ಗಿಡದ ಹಾಳೆಯ ಚೀಟಿಯಲ್ಲಿ ಬರೆದಳು: ‘ಸ್ಥಳೀಯ ಹೆಸರು: ನೇಣಾ. ವ್ಯುತ್ಪತ್ತಿ: ಹಳಗನ್ನಡದ ನೇಣ್, ಅಂದರೆ ಹಗ್ಗ. ಕಾಂಡವು ಹಗ್ಗದಂತೆ ಹೊಸೆದುಕೊಂಡಿರುವುದರಿಂದ.’ ವ್ಯಾಕರಣದ ಶಿಕ್ಷಕಿಯಲ್ಲದೆ ಇನ್ಯಾರು ಇಷ್ಟು ಶಾಸ್ತ್ರೋಕ್ತವಾಗಿ ಹಳ್ಳಕ್ಕೆ ಬೀಳಬಲ್ಲರು?

ಸಸ್ಯಸಂಗ್ರಹಾಲಯಕ್ಕೆ ಕಳಿಸಿದ್ದ ಹಾಳೆ ಮರಳಿ ಬಂತು. ಅಲ್ಲಿನ ತಜ್ಞರು ಸೌಜನ್ಯದಿಂದಲೇ ತಿಳಿಸಿದ್ದರು: ‘ನೇಣಾ’ ಎಂದರೆ ಕೊಂಕಣಿಯಲ್ಲಿ ‘ನನಗೆ ತಿಳಿಯದು’ ಎಂದರ್ಥ. ಈ ಬಳ್ಳಿ ನಿಮ್ಮ ಭಾಗದಲ್ಲಿ ಕಂಡ ದಾಖಲೆಯಿಲ್ಲ. ಹೆಸರೇ ಹೀಗಿರುವಾಗ ಸ್ಥಳವನ್ನು ನಂಬುವುದು ಕಷ್ಟ. ಅದೇ ಜಾಗದಿಂದ ಕಾಯಿಯಿರುವ ಮಾದರಿ ತಂದರೆ ಪರಿಶೀಲಿಸಬಹುದು.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. “ತಪ್ಪು ನಂದು, ಗಿಡದ್ದಲ್ಲ,” ಎಂದಳು. “ನಾ ತಪ್ಪ ಬರದೆ ಅಂತ ಅದು ಯಾಕ ಇಲ್ಲದಂಗಾಗಬೇಕು?”

ತೊಡಕೆಂದರೆ, ಮಳೆಗಾಲ ಮುಗಿದೊಡನೆ ರಸ್ತೆ ಅಗಲಿಸಲು ಆ ಇಳಿಜಾರನ್ನೇ ಕಡಿಯುವವರಿದ್ದರು. ಬೇರೆಲ್ಲಿ ಹುಡುಕಿದರೂ ಬಳ್ಳಿ ಸಿಕ್ಕಿರಲಿಲ್ಲ. ಅಕ್ಕನ ಬಲಮೊಣಕಾಲು ಬೇರೆ ಊದಿಕೊಂಡಿತ್ತು. ಉಳಿದದ್ದು ಅದೊಂದೇ ಮಳೆಗಾಲ. ಕಾಯಿ ಸಿಗದಿದ್ದರೆ ಆ ಬಳ್ಳಿ ಅಲ್ಲಿತ್ತು ಎನ್ನುವುದಕ್ಕೆ ಅಕ್ಕನ ಮಾತೊಂದೇ ಸಾಕ್ಷಿ; ಆ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಹಳೆಯ ದಸ್ತಾವೇಜುಗಳ ತೇದಿ ತಾಳೆ ನೋಡುವುದೇ ವೃತ್ತಿಯಾಗಿದ್ದ ನಾನು ಆ ವರ್ಷವಷ್ಟೇ ನಿವೃತ್ತನಾಗಿ, ಧಾರವಾಡದ ಮನೆಯಲ್ಲಿ ಔಷಧದ ಬಾಟಲಿಗಳ ಮೇಲಿನ ತೇದಿ ಓದುತ್ತ ಕುಳಿತಿದ್ದೆ. ಅಕ್ಕ ಫೋನು ಮಾಡಿದಳು. “ತಮ್ಮಾ, ಅಣಶಿಗೆ ಹೋಗೂಣು ಬಾ. ತೇದಿ ನೋಡಾಕ ಒಬ್ಬ ಮನಷ್ಯಾ ಬೇಕು.”

ದಾಂಡೇಲಿಯ ಮೆಕ್ಯಾನಿಕ್ ಇಸ್ಮಾಯಿಲನ ಜೀಪು. ಗಣೇಶಗುಡಿ ದಾಟುವಷ್ಟರಲ್ಲಿ ಮಳೆ ಗಾಜನ್ನು ಗುದ್ದತೊಡಗಿತು. ಇಳಿಜಾರಿನ ಮೇಲೆ ಆಗಲೇ ಕಡಿತದ ಗುರುತಿಗೆ ಗೂಟ ನೆಟ್ಟಿದ್ದರು.

“ಅಕ್ಕೋರ, ಸಿಕ್ಕಾಪಟ್ಟಿ ಜಾರತೈತ್ರಿ. ಎಂಥಾದು ಹೇಳ್ರಿ, ನಾ ಕಿತ್ತು ತರ್ತೇನಿ,” ಎಂದ ಇಸ್ಮಾಯಿಲ್.

“ನೀ ಕಿತ್ತರ ಅರ್ಧಾ ಗುಡ್ಡಾನ ಬರತೈತಿ. ಛತ್ರಿ ಹಿಡಿ ಸಾಕು.”

ಮೊಣಕಾಲು ಮಡಚಲಾರದ ಅಕ್ಕ ಕೆಸರಿನಲ್ಲಿ ಕುಳಿತು, ಕುಳಿತಲ್ಲಿಂದಲೇ ಕೆಳಗಿಳಿಯತೊಡಗಿದಳು. ಮರೆಯಾದ ಮೇಲೆ ದಪ್ಪೆಂಬ ಸದ್ದು ಕೇಳಿಸಿತು.

“ಯಾ ಅಲ್ಲಾ! ಅಕ್ಕೋರ, ಜಾರಿದ್ರೇನ್ರಿ?”

“ಜಾರಿಲ್ಲ, ಇಳದೇನಿ. ಕ್ರಿಯಾಪದ ಸರಿಯಾಗಿ ಬಳಸು.”

ನಾನು ಜೀಪಿನಲ್ಲಿಯೇ ಇದ್ದೆ. ರಕ್ತ ಹೀರುವ ಉಂಬಳಗಳೆಂದರೆ ನನಗೆ ಆಗದು. ಕಿಟಕಿಯನ್ನು ಪೂರ್ತಿ ಏರಿಸಿ, ಮಡಿಲಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡು ಕಾದೆ. ಬಹಳ ಹೊತ್ತು ಮಳೆಯ ಸದ್ದೊಂದೇ. ಕೊನೆಗೆ ಇಸ್ಮಾಯಿಲನ ಕೈ ಹಿಡಿದು ಮೇಲೆ ಬಂದ ಅಕ್ಕನ ಮೈಯಲ್ಲಿ ಕೆಸರಿಲ್ಲದ ಜಾಗವೆಂದರೆ ಕನ್ನಡಕವೊಂದೇ. ಕಿಟಕಿಯ ಗಾಜಿಗೆ ಮುಖ ತಂದು, “ಐತಿ,” ಎಂದಳು. “ಕಾಯಿ ಸಮೇತ ಐತಿ.” ಹಾಗೆ ನಗುವ ಅಕ್ಕನನ್ನು ನಾನು ನಮ್ಮ ಬಾಲ್ಯದ ನಂತರ ನೋಡಿರಲಿಲ್ಲ.

ಮಳೆ ನಿಂತ ಮೇಲೆ ಇಳಿಜಾರು ಹೋಯಿತು. ಬಳ್ಳಿಯ ಹಾಳೆ ಮಾತ್ರ ಸಂಗ್ರಹಾಲಯ ಸೇರಿತು. ತಜ್ಞರು ಈ ಸಲ ಒಪ್ಪಿಕೊಂಡರು. ಭಾವನವರು ಓಣಿಗೆಲ್ಲ ಪೇಡೆ ಹಂಚಿದರು.

ಕಳೆದ ತಿಂಗಳು ಸಂಗ್ರಹಾಲಯವಿರುವ ಊರಿಗೆ ಹೋದವನು ಆ ಹಾಳೆಯನ್ನು ಕಣ್ಣಾರೆ ನೋಡಿದೆ. ತೇದಿ ಸರಿ, ಸ್ಥಳ ಸರಿ. ‘ಸಂಗ್ರಹಿಸಿದವರು’ ಎಂಬಲ್ಲಿ ಎರಡು ಹೆಸರುಗಳಿದ್ದವು: ಮೊದಲು ನನ್ನದು, ಆಮೇಲೆ ಆಕೆಯದು. ಅಲ್ಲಿಂದಲೇ ಫೋನು ಮಾಡಿದೆ.

“ಅಕ್ಕಾ, ದಾಖಲೆ ತಪ್ಪೈತಿ. ನಾ ಜೀಪ್ ಬಿಟ್ಟು ಇಳದಿದ್ದೇ ಇಲ್ಲ.”

“ಗೊತ್ತೈತಿ,” ಎಂದಳು ಅಕ್ಕ. “ಜನ್ಮಾಪೂರ್ತಿ ಹಳೇ ಕಾಗದದಾಗ ಮಂದಿ ಹೆಸರು ಹುಡುಕಿದಿ. ನಿಂದೂ ಎಲ್ಲೆರ ಒಂದ ಕಡೆ ಇರಲಿ ಬಿಡು, ತಮ್ಮಾ.”

ಆದ್ದರಿಂದ ಓದುಗರ ಗಮನಕ್ಕೆ: ಸಂಗ್ರಹಾಲಯದ ಹಾಳೆಯ ಪ್ರಕಾರ, ಅಣಶಿಯ ಆ ಇಳಿಜಾರಿನಲ್ಲಿ, ಆ ಮಳೆಯಲ್ಲಿ, ನಾನು ಅಕ್ಕನ ಪಕ್ಕದಲ್ಲಿದ್ದೆ. ನನ್ನ ನೆನಪಿನ ಪ್ರಕಾರ ನಾನು ಕಿಟಕಿಯ ಗಾಜಿನ ಈಚೆಗಿದ್ದೆ.