ಮಂಗಳೂರಿಗೆ ಹೋಗದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಜೀವಮಾನದಲ್ಲಿ ಒಮ್ಮೆಯೂ ಮಂಗಳೂರಿಗೆ ಹೋದವರಲ್ಲ. ಹಾಗೆಂದು ಅವರೇ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದರು. ನಮ್ಮ ಮನೆ ಇದ್ದದ್ದು ಹೊಳೆಯಾಚೆಯ ಬೆಂಗ್ರೆಯಲ್ಲಿ, ಅವರ ಒಣಮೀನಿನ ವ್ಯಾಪಾರ ಈಚೆಯ ಬಂದರಿನಲ್ಲಿ. ದಿನಾ ಬೆಳಿಗ್ಗೆ ದೋಣಿ ಹತ್ತಿ ಬರುತ್ತಿದ್ದರು, ಸಂಜೆ ದೋಣಿ ಹತ್ತಿ ಹೋಗುತ್ತಿದ್ದರು. ಹಾಗಾದರೆ ಆ ಬಂದರು ಇರುವುದು ಮಂಗಳೂರಿನಲ್ಲಲ್ಲವೇ ಎಂದು ಕೇಳಿದಿರೋ, ಕೆಟ್ಟಿರಿ!

"ಅದು ಕುಡ್ಲ!"

ತುಳುವಿನಲ್ಲಿ ಊರಿನ ಹೆಸರು ಅದೇ, ತಕರಾರಿಲ್ಲ. ಕೊಂಕಣಿಯವರು ಕೊಡಿಯಾಲ್ ಎನ್ನಬಹುದು, ಬ್ಯಾರಿಗಳು ಮೈಕಾಲ ಎನ್ನಬಹುದು. ಅದಕ್ಕೆಲ್ಲ ದೊಡ್ಡಪ್ಪನ ಅಪ್ಪಣೆ ಇತ್ತು. "ಅದು ಅವರವರ ಮನೆಯಲ್ಲಿ ಕರೆಯುವ ಹೆಸರು ಮಾರಾಯ್ತಿ" ಎನ್ನುತ್ತಿದ್ದರು. ಮಂಗಳೂರು ಎಂಬುದು ಸರ್ಕಾರದವರು ಬೋರ್ಡು ಬರೆಯಲಿಕ್ಕೆ ಮಾತ್ರ. ಆದರೆ ಯಾರಾದರೂ ತುಟಿ ಸೊಟ್ಟ ಮಾಡಿ 'ಮ್ಯಾಂಗಲೋರ್' ಎಂದರೆ ಮುಗಿಯಿತು. ಕೂತವರು ಏಳುತ್ತಿದ್ದರು, ನಿಂತವರು ಕೂರುತ್ತಿದ್ದರು! ನಾನು ಆಗ ಕೊಡಿಯಾಲ್‌ಬೈಲಿನ ಕಾಲೇಜಿಗೆ ಹೋಗುತ್ತಿದ್ದೆ. ಹಗಲಿಡೀ ಮ್ಯಾಂಗಲೋರ್ ಎಂದು ಠೀವಿ ಮಾಡಿ, ಸಂಜೆ ಮನೆಗೆ ಬರುವಾಗ ಆ ಶಬ್ದವನ್ನು ಹೊಳೆಗೆ ಉಗಿದು ಬಾಯಿ ಮುಕ್ಕಳಿಸಿಕೊಂಡೇ ದೋಣಿ ಇಳಿಯುತ್ತಿದ್ದೆ.

ಒಮ್ಮೆ ದೊಡ್ಡಪ್ಪ, ದೊಡ್ಡಮ್ಮ ಉಡುಪಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಂಡಕ್ಟರು ಹೊಸಬ, ಘಟ್ಟದ ಮೇಲಿನವನು.

"ಎಲ್ಲಿಗ್ರಿ?"

"ಕುಡ್ಲ."

"ಈ ಬಸ್ಸು ಆ ಕಡೆ ಹೋಗಂಗಿಲ್ರಿ. ಇದು ಮಂಗಳೂರಿಗ್ರಿ."

"ಹೌದಾ? ನಿಲ್ಲಿಸು. ನಾನು ಇಳೀತೇನೆ!"

ಇಳಿದೇಬಿಟ್ಟರು, ಮೂಲ್ಕಿಯಲ್ಲಿ! ಮುಂದಿನ ಹೆಂಗಸರ ಸೀಟಿನಲ್ಲಿ ತೂಕಡಿಸುತ್ತಿದ್ದ ದೊಡ್ಡಮ್ಮನಿಗೆ ಇದೊಂದೂ ಗೊತ್ತಿಲ್ಲ. ಕೊನೆಯಲ್ಲಿ ಇಳಿದು ಹಿಂದೆ ತಿರುಗಿದರೆ ಗಂಡನೇ ಇಲ್ಲ! ಬೊಬ್ಬೆ ಹಾಕಿ ಬಸ್‌ಸ್ಟ್ಯಾಂಡನ್ನೇ ಒಟ್ಟು ಮಾಡಿದರಂತೆ. ಅಷ್ಟರಲ್ಲಿ ಹಿಂದಿನಿಂದ ಬಂದ ಇನ್ನೊಂದು ಬಸ್ಸಿನಿಂದ ಇಳಿದ ದೊಡ್ಡಪ್ಪ ತಣ್ಣಗೆ ಕೇಳಿದರು, "ನೀನು ಯಾಕೆ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತದ್ದು?"

ಇದನ್ನೆಲ್ಲ ನಗಾಡಿ ಮರೆಯಬಹುದಿತ್ತು. ಆದರೆ ಅಕ್ಕನನ್ನು ನೋಡಲು ಹುಡುಗ ಬಂದ ದಿನ ನಮಗೆ ಯಾರಿಗೂ ನಗು ಬರಲಿಲ್ಲ. ಅಕ್ಕ ಎಂದರೆ ದೊಡ್ಡಪ್ಪನ ಒಬ್ಬಳೇ ಮಗಳು. ಹುಡುಗ ಮಲ್ಪೆಯ ಕಡೆಯವನು, ಬೊಂಬಾಯಿಯಲ್ಲಿ ಆಫೀಸು ಕೆಲಸ, ನೋಡಲು ಲಕ್ಷಣ. ನೀರುದೋಸೆ ತಿನ್ನುತ್ತಾ, ಪಾಪ, ಏನಾದರೂ ಮಾತಾಡಬೇಕಲ್ಲ ಎಂದು ಹೇಳಿದ:

"ಮ್ಯಾಂಗಲೋರಲ್ಲಿ ಸೆಖೆ ಜಾಸ್ತಿ ಅಲ್ವಾ?"

ದೊಡ್ಡಪ್ಪನ ಕೈಯ ಲೋಟ ಗಾಳಿಯಲ್ಲೇ ನಿಂತಿತು.

"ಎಲ್ಲಿ?"

"ಮ್ಯಾಂಗಲೋರಲ್ಲಿ."

"ಆ ಊರಿನ ಹೆಣ್ಣು ನಮ್ಮಲ್ಲಿ ಇಲ್ಲ. ನೀವು ಇನ್ನು ಹೊರಡಬಹುದು."

ಉಂಟೇ ಎಲ್ಲಿಯಾದರೂ! ಹುಡುಗನ ತಾಯಿ ತುತ್ತು ಬಾಯಲ್ಲಿಟ್ಟುಕೊಂಡೇ ಕಲ್ಲಾದರು. ದೊಡ್ಡಮ್ಮ ಗೋಡೆ ಹಿಡಿದುಕೊಂಡರು. ಇದಕ್ಕಿಂತ ದೊಡ್ಡ ಆಘಾತ ಬಾಗಿಲ ಹಿಂದಿತ್ತು. ಅಪ್ಪನೆದುರು ತಲೆ ಎತ್ತಿ ಮಾತಾಡಿ ಗೊತ್ತಿಲ್ಲದ ಅಕ್ಕ ಸೀದಾ ಚಾವಡಿಗೆ ಬಂದಳು.

"ಅಪ್ಪಾ, ಅಲ್ಲಿಯವರು ಮುಂಬಯಿ ಹೇಳುವ ಊರನ್ನು ನೀವು ಬೊಂಬಾಯಿ ಹೇಳುವುದಿಲ್ವಾ? ಅದಕ್ಕೆ ಅಲ್ಲಿಯವರು ನಿಮಗೆ ಎಂತ ಮಾಡಿದ್ರು? ನನಗೆ ಈ ಹುಡುಗ ಆಗ್ತದೆ."

ನೋಡಲು ಬಂದವರ ಮುಂದೆ ಹೆಣ್ಣೇ ಬಾಯಿ ಬಿಡುವುದೆಂದರೆ! ಆ ಕಾಲದಲ್ಲಿ! ದೊಡ್ಡಪ್ಪ ಮಗಳನ್ನು ನೋಡಿದರು, ಹುಡುಗನನ್ನು ನೋಡಿದರು, ಲೋಟವನ್ನು ನೋಡಿದರು. "ಇವನಿಗೆ ಇನ್ನೆರಡು ದೋಸೆ ಹಾಕಿ" ಎಂದು ಹೊರಗೆ ಹೋದರು. ಒಪ್ಪಿಗೆ ಎಂದರೆ ಅಷ್ಟೇ. ಮದುವೆಯಾಯಿತು. ಅಕ್ಕ ಹಡಗು ಹತ್ತಿ ಬೊಂಬಾಯಿಗೆ ಹೋದಳು.

ಮೊದಲ ಹೆರಿಗೆಗೆ ಅವಳು ಊರಿಗೆ ಬರುವುದೆಂದು ಎಲ್ಲ ತಯಾರಿ ಆಗಿತ್ತು. ಹೊರಡುವ ಮೊದಲೇ, ದಿನ ತುಂಬದೆ, ನೋವು ಸುರುವಾಯಿತು. ಆಪರೇಷನ್ ಮಾಡುತ್ತಾರೆ, ನಾಳೆ ಬೆಳಿಗ್ಗೆ ಸಾಹುಕಾರರ ಅಂಗಡಿಗೆ ಟ್ರಂಕ್ ಕಾಲ್ ಮಾಡುತ್ತೇನೆ ಎಂದು ಅಳಿಯನ ತಂತಿ ಬಂತು. ಸಾಹುಕಾರರೆಂದರೆ ಬಂದರಿನ ಒಬ್ಬ ಬ್ಯಾರಿ ವ್ಯಾಪಾರಿ, ದೊಡ್ಡಪ್ಪನ ಸ್ನೇಹಿತರು. ದೊಡ್ಡಪ್ಪನೂ ನಾನೂ ಬೆಳಕು ಹರಿಯುವಾಗಲೇ ಅಲ್ಲಿ ಹೋಗಿ ಕೂತೆವು. ಸಾಹುಕಾರರು ಚಾ ತರಿಸಿದರು. ಯಾರೂ ಕುಡಿಯಲಿಲ್ಲ.

ಫೋನು ಬಡಿದುಕೊಂಡದ್ದೇ ದೊಡ್ಡಪ್ಪ ಹಾರಿ ರಿಸೀವರ್ ಎತ್ತಿದರು. ಆಚೆಯಿಂದ ಆಪರೇಟರ್ ಹೆಂಗಸಿನ ಸ್ವರ ನನಗೂ ಕೇಳಿಸುತ್ತಿತ್ತು.

"ಹಲೋ, ಮ್ಯಾಂಗಲೋರ್?"

"ಕುಡ್ಲ! ಕುಡ್ಲ!" ದೊಡ್ಡಪ್ಪ ಕಿರುಚಿದರು. ಹಟಕ್ಕಲ್ಲ, ಗಾಬರಿಗೆ ಬಾಯಿಗೆ ಬಂದದ್ದೇ ಅದು.

"ರಾಂಗ್ ನಂಬರ್" ಎಂದಳು. ಕಟ್ಟಾಯಿತು!

"ಎಂತ ಮಾಡಿದ್ರಿ ಮಾರಾಯ್ರೇ!" ಸಾಹುಕಾರರು ತಲೆಯ ಮೇಲೆ ಕೈ ಹೊತ್ತರು. ದೊಡ್ಡಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ರಿಸೀವರನ್ನು ಮೆಲ್ಲಗೆ ಇಟ್ಟು ಅದರ ಮುಂದೆ ಕೈಮುಗಿದು ನಿಂತರು. ಎಷ್ಟು ಹೊತ್ತೋ ಏನೋ. ಅದು ಮತ್ತೊಮ್ಮೆ ಬಡಿದುಕೊಂಡಿತು.

ದೊಡ್ಡಪ್ಪ ಆಪರೇಟರಿಗೆ ಬಾಯಿ ತೆರೆಯಲು ಸಹ ಬಿಡಲಿಲ್ಲ. "ಮ್ಯಾಂಗಲೋರ್! ಮ್ಯಾಂಗಲೋರ್ ಅಮ್ಮಾ! ಇದು ಮ್ಯಾಂಗಲೋರೇ!" ಬಂದರಿನ ಕೂಲಿಗಳೆಲ್ಲ ಮೂಟೆ ಹೊತ್ತುಕೊಂಡೇ ನಿಂತು ಬಾಯಿ ಬಿಟ್ಟು ನೋಡಿದರು. ದೊಡ್ಡಪ್ಪನ ಬಾಯಲ್ಲಿ ಮ್ಯಾಂಗಲೋರ್!

ಆಮೇಲೆ ಅಳಿಯನ ಸ್ವರ, ಗರಗರ ಸದ್ದಿನ ಒಳಗಿಂದ: "ಮಾವ, ಇಬ್ಬರೂ ಹುಷಾರು. ಹೆಣ್ಣು ಮಗು. ಅವಳಿಗೆ ಎಚ್ಚರ ಆಗಿದೆ, ನಿಮ್ಮನ್ನು ಕೇಳ್ತಾ..." ಅಲ್ಲಿಗೆ ಲೈನು ಕಡಿದುಹೋಯಿತು.

ಅದು ದೊಡ್ಡಪ್ಪನಿಗೆ ಗೊತ್ತಾಗಲಿಲ್ಲ. ರಿಸೀವರನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು, ಕಣ್ಣೀರು ಒರೆಸದೆ, ಮಗುವನ್ನು ಮಲಗಿಸುವ ಸ್ವರದಲ್ಲಿ ಹೇಳುತ್ತಲೇ ಇದ್ದರು: "ಮ್ಯಾಂಗಲೋರ್ ಮಗಾ... ಮ್ಯಾಂಗಲೋರ್... ನಾನು ಇಲ್ಲೇ ಇದ್ದೇನೆ..."

ಸಾಹುಕಾರರು ನನ್ನ ಮುಖ ನೋಡಿದರು. ಮತ್ತೆ ಎದ್ದು, ಹೊರಗೆ ನಿಂತ ಕೂಲಿಗಳನ್ನು ಕೈಸನ್ನೆಯಲ್ಲೇ ಕಳಿಸಿದರು.