ಮಾಳಿಗೆಗೆ ಮೂರು ಸಲ ಮಣ್ಣು

ಮನುಷ್ಯನಿಗೆ ನೆಂಟರು ಎಷ್ಟಿದ್ದರೂ ಪಕ್ಕದ ಮನೆಯಲ್ಲಿ ಒಬ್ಬ ವೈರಿ ಇರಬೇಕು. ನೆಂಟರು ವರ್ಷಕ್ಕೊಮ್ಮೆ ನಮ್ಮನ್ನು ನೆನೆದರೆ ಹೆಚ್ಚು. ವೈರಿ ದಿನಾ ಬೆಳಗೆದ್ದು ನಮ್ಮ ಬಾಗಿಲು ತೆರೆಯಿತೋ ಇಲ್ಲವೋ ನೋಡುತ್ತಾನೆ. ಹೊಸಪೇಟೆಯ ನಮ್ಮ ಓಣಿಯಲ್ಲಿ ನನಗೆ ಆ ಭಾಗ್ಯ ಕೊಟ್ಟವನು ಪಂಪಣ್ಣ. ಎರಡೂ ಮನೆಗೆ ನಡುಗೋಡೆ ಒಂದೇ, ಮೇಲೆ ಮಣ್ಣು ಹೊದಿಸಿದ ಮಟ್ಟಸ ಮಾಳಿಗೆ ಒಂದೇ, ಮಠವೂ ಒಂದೇ. ಮಳೆನೀರು ತನ್ನ ಕಡೆ ಹರಿಯುತ್ತದೆಂದು ಅವನು, ನನ್ನ ಕಡೆ ಎಂದು ನಾನು. ಇದಕ್ಕಾಗಿ ಇಬ್ಬರೂ ಒಂದೇ ರೈಲಿನಲ್ಲಿ ಬಳ್ಳಾರಿಯ ಕೋರ್ಟಿಗೆ ಹೋಗಿ, ಮಾತಾಡದೆ ಒಂದೇ ರೈಲಿನಲ್ಲಿ ಬಂದವರು. ಮರಳಿನ ಮೇಲೆ ಅಕ್ಷರ ತಿದ್ದಿ ಶಾಲೆ ಬಿಟ್ಟ ನನಗೆ ವಕೀಲರ ಇಂಗ್ಲಿಷು ತಿಳಿಯಲಿಲ್ಲ. ಮಾಳಿಗೆ ಎಂದರೇನೆಂದು ತೀರ್ಪು ಕೊಡುವ ಬಿಳಿ ದೊರೆಗೆ ತಿಳಿಯಲಿಲ್ಲ. ನ್ಯಾಯ ಅಲ್ಲಿಗೆ ಮುಗಿಯಿತು.

ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ನೀರು ಇಳಿಯಗೊಡದ ಸವಳು ಮಣ್ಣು ಹಾಕಿ ತುಳಿಯದಿದ್ದರೆ ಸೋರುತ್ತದೆ. ಒಂದೇ ಮಾಳಿಗೆಯಾದ್ದರಿಂದ ಎರಡೂ ಮನೆಯವರು ಒಟ್ಟಿಗೆ ತುಳಿಯಬೇಕು. ನಮ್ಮಿಬ್ಬರ ಮೊಣಕಾಲು ಹೋದ ಮೇಲೆ ಆ ಕೆಲಸವೂ ಅದರ ಜೊತೆಯ ಜಗಳವೂ ನನ್ನ ಮೊಮ್ಮಗಳು ಗೌರಿಗೆ ಮತ್ತು ಅವನ ಕಿರಿಮಗ ಶಿವಲಿಂಗನಿಗೆ ಬಂದವು.

"ನೀರು ಎತ್ತಾಗ ತಿರುವಾಕ್ಹತ್ತೀದಿ? ಕಣ್ಣು ಮನ್ಯಾಗ ಬಿಟ್ಟು ಬಂದೀಯೇನು?" ಎಂದು ಇವಳು.

"ಕಣ್ಣು ಇಲ್ಲೇ ಅದಾವ. ನಿನ್ನ ಬಾಯಿ ನೋಡಾಕ ಎರಡು ಸಾಲವಲ್ವು," ಎಂದು ಅವನು.

ಕೆಳಗೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ, ವಂಶದ ಹೆಸರು ಉಳಿಸಿದಳು ಎಂದು ನಾನು ಹಿಗ್ಗುತ್ತಿದ್ದೆ. ವರ್ಷಕ್ಕೊಮ್ಮೆ ಹಾಕುವ ಮಣ್ಣು ಆ ವರ್ಷ ಮೂರು ಸಲ ಬಿತ್ತು. "ಅಜ್ಜ, ಮತ್ತ ಸೋರಾಕ್ಹತ್ತೈತಿ," ಎನ್ನುವಳು ಗೌರಿ. ಒಂದು ಹನಿಯೂ ಮಳೆ ಬಿದ್ದಿರಲಿಲ್ಲ. ಮಳೆಗೆ ಮೊದಲೇ ಸೋರುವುದನ್ನು ಹಿಡಿಯುವ ಹುಡುಗಿ ಎಂದು ನಾನು ಓಣಿಗೆಲ್ಲ ಹೇಳಿಕೊಂಡು ಬಂದೆ.

ಅಷ್ಟರಲ್ಲಿ ಕಂಪ್ಲಿಯಿಂದ ಗಂಡಿನವರು ಅವಳನ್ನು ನೋಡಲು ಬಂದರು. ಅವರ ಮುಂದೆ ಉಪ್ಪಿಟ್ಟು ಇಟ್ಟೆವು. "ಹಪ್ಪಳ ತಗದು ಬರ್ತೀನಿ," ಎಂದು ಮಾಳಿಗೆ ಹತ್ತಿದ ಗೌರಿ ಇಳಿಯಲೇ ಇಲ್ಲ. ಮೂರು ಸಲದ ಮಣ್ಣು ಹೊತ್ತ ತೊಲೆ ಕಿರ್ರೆಂದಿತು. ಹಿರಿಯರ ಉಪ್ಪಿಟ್ಟಿನ ಮೇಲೆ ಒಂದು ಹಿಡಿ ಮಣ್ಣು ಬಿತ್ತು. ಅದರ ಹಿಂದೆಯೇ ಬೆಳಕಿಂಡಿಯಿಂದ ಮಾತು ಬಿತ್ತು:

"ಅಷ್ಟು ಸಂಕಟ ಇದ್ರ ಕೆಳಗ ಹೋಗಿ ನಮ್ಮಜ್ಜನ್ನ ಕೇಳು."

"ನನ್ನ ಕಂಡ್ರ ನಿಮ್ಮಜ್ಜ ಬಡಿಗಿ ಎತ್ತತಾನ."

"ನಮ್ಮಜ್ಜನ ಬಡಿಗಿ ಊರಾಕ ಐತಿ, ಹೊಡಿಯಾಕಲ್ಲ."

ಗಂಡಿನ ತಂದೆ ತಲೆ ಕೊಡವಿಕೊಂಡು ಎದ್ದರು. "ಯಜಮಾನ್ರ, ನಿಮ್ಮ ಮಾಳಿಗಿ ಭಾಳ ಗಟ್ಟಿ ಐತ್ರಿ. ನೀರು ಸೋರಾಂಗಿಲ್ಲ, ಮಾತು ಅಷ್ಟ ಸೋರ್ತಾವ," ಎಂದು ಬಂಡಿ ಹತ್ತಿದರು.

ಗೌರಿ ಇಳಿದು ಬಂದಳು. ಓಣಿಗೆಲ್ಲ ಕೇಳಿಸುವ ಬಾಯಿ ಅವತ್ತು ನನ್ನ ಕಿವಿಗೇ ಸರಿಯಾಗಿ ಮುಟ್ಟಲಿಲ್ಲ. "ಬೇಕಾದ್ರ ಬೈ ಅಜ್ಜ. ಆದ್ರ ಬ್ಯಾರೆ ಕಡೆ ಕೊಡಬ್ಯಾಡ."

ನಲವತ್ತು ವರ್ಷ ಸಾಕಿದ ವೈರ ಒಂದು ಕಡೆ, ಮೊಣಕಾಲವರೆಗೆ ಮಣ್ಣಾದ ಮೊಮ್ಮಗಳು ಒಂದು ಕಡೆ. ಬಡಿಗೆ ಊರಿಕೊಂಡು ಪಂಪಣ್ಣನ ಹೊಸ್ತಿಲು ಹತ್ತಿದೆ.

"ಬಡಿಗಿ ಯಾಕ ತಂದೀ?" ಎಂದ ಅವನು.

"ಊರಾಕ. ನಿನ್ನ ಮಗನ್ನ ನಮ್ಮ ಗೌರಿಗೆ ಕೊಡು."

ಅವನು ಕತ್ತೆತ್ತಿ ಮಾಳಿಗೆ ನೋಡಿದ. "ಮತ್ತ ಇಳಿಜಾರಿಂದು?"

"ಅದು ಬ್ಯಾರೆ ಮಾತು."

"ಹಂಗಾದ್ರ ಕುಂದ್ರು," ಎಂದ.

ಈಗ ನನ್ನ ತೊಡೆಯ ಮೇಲೆ ಮರಿಮೊಮ್ಮಗ ಮಲಗಿದ್ದಾನೆ. ಅವನ ಮೂಗು ನಮ್ಮ ಮನೆತನದ್ದೆಂದು ನಾನು, ತಮ್ಮದೆಂದು ಪಂಪಣ್ಣ. ಗೌರಿ, ಶಿವಲಿಂಗ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಪಿಸುಗುಡುತ್ತ ಕೂತಿರುತ್ತಾರೆ. ಮಾಳಿಗೆ ಹತ್ತುವ ಕಾರಣವೇ ಉಳಿದಿಲ್ಲ. ಈ ವರ್ಷ ಮಣ್ಣು ಒಂದು ಸಲವೂ ಬೀಳಲಿಲ್ಲ. ನಿನ್ನೆಯ ಮಳೆಗೆ ಎರಡೂ ಮನೆ ಸೋರಿದವು, ನನ್ನ ಹಾಸಿಗೆಯ ಮೇಲೆ ತುಸು ಹೆಚ್ಚೇ. ಇನ್ನೂ ತೊಟ್ಟಿಕ್ಕುವ ಹನಿ ಕೂಸಿಗೆ ತಾಗದಂತೆ ನನ್ನ ತಲೆಯ ಪಟಗ ಬಿಚ್ಚಿ ಹಿಡಿದು ಕೂತಿದ್ದೇನೆ. ಒಂದಿಷ್ಟು ಜಗಳವಾಡಿರಪ್ಪ ಎನ್ನಬೇಕೆಂದು ಬಾಯಿತನಕ ಬರುತ್ತದೆ. ನೀರು ಯಾರ ಕಡೆ ಹರಿಯುತ್ತದೆ ಎಂಬುದಂತೂ ಕಡೆಗೂ ಇತ್ಯರ್ಥವಾಯಿತು. ನನ್ನ ಕಡೆಗೇ. ಬಳ್ಳಾರಿಯಲ್ಲಿ ನಾನು ಹೇಳಿದ್ದೂ ಅದನ್ನೇ.