ಬಾಗಿಲ ಹಿಂದಿನ ಗಾಳದ ಕೋಲು

ಮೀನು ಹಿಡಿಯಲು ನನಗೆ ಬರುವುದು ತಟ್ಟೆಯಲ್ಲಿ ಮಾತ್ರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಡಲ ತೀರದವನು, ಅದರಲ್ಲೂ ಮನೆಯಿಂದ ಕೂಗಿದರೆ ಹೊಳೆಗೆ ಕೇಳುವಷ್ಟು ಹತ್ತಿರ ಇರುವವನು ಎಂದ ಮೇಲೆ ಗಾಳ, ಬಲೆ, ಭರತ, ಇಳಿತ ಎಲ್ಲ ಅಂಗೈ ಮೇಲೆ ಇರಬೇಕು ಎಂದು ಘಟ್ಟದ ಮೇಲಿನವರು ತಿಳಿಯುತ್ತಾರೆ. ನಾನು ಶಿರಾಲಿಯ ಒಂದು ಹೈಸ್ಕೂಲಿನಲ್ಲಿ ಅಟೆಂಡರ್. ನನಗೆ ಗೊತ್ತಿರುವುದು ಗಂಟೆ ಹೊಡೆಯುವುದು, ಸೀಮೆಸುಣ್ಣ ಹಂಚುವುದು, ಹೆಡ್‌ಮಾಸ್ತರರು ಒಳಗೆ ಇಲ್ಲ ಎಂದು ನಂಬಿಕೆ ಬರುವಂತೆ ಹೇಳುವುದು. ನಮ್ಮ ಮನೆಯಲ್ಲಿ ಮೀನು ಹಿಡಿಯುತ್ತಿದ್ದವಳು ನನ್ನ ಹೆಂಡತಿ ನಾಗವೇಣಿ. ಅವಳು ಹೋಗಿ ವರ್ಷ ಕಳೆಯಿತು.

ಅವಳ ತವರು ಕುಮಟಾದ ಕಡೆ, ಉಪ್ಪುನೀರು ನುಗ್ಗುವ ಗದ್ದೆಗಳ ಬದಿ. ಅಲ್ಲಿ ಮಕ್ಕಳು ಅಕ್ಷರ ಕಲಿಯುವ ಮೊದಲೇ ಗಾಳಕ್ಕೆ ಗಂಟು ಹಾಕಲು ಕಲಿಯುತ್ತಾರಂತೆ. ಮದುವೆಯಾಗಿ ಬರುವಾಗ ಅವಳ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಹಲಗೆಗೆ ಸುತ್ತಿದ ತಂಗೂಸಿ ಇತ್ತು. ಅದು ಗಾಳ ಕಟ್ಟುವ ನೈಲಾನ್ ದಾರ ಎಂದು ತಿಳಿಯದೆ, ಹೊಲಿಗೆ ಮೆಷಿನ್ನಿನದು ಇರಬೇಕು ಎಂದುಕೊಂಡಿದ್ದೆ. ಅವಳು ಹೊಲಿಗೆಯನ್ನೂ ಮಾಡುತ್ತಿದ್ದಳು, ಆದ್ದರಿಂದ ನನ್ನ ತಪ್ಪು ಅಷ್ಟೇನೂ ದೊಡ್ಡದಲ್ಲ. ಅವಳಲ್ಲಿ ಬ್ಲೌಸ್ ಹೊಲಿಸಲು ಬರುತ್ತಿದ್ದ ಜಾಲಿ ಊರಿನ ಬೀಬಿಯೊಬ್ಬರು, ಮಗ ದುಬೈಯಿಂದ ತಂದು ಮೂಲೆಗೆ ಎಸೆದಿದ್ದ ಒಂದು ಗಾಳದ ಕೋಲನ್ನು ಅವಳಿಗೆ ಕೊಟ್ಟರು. ಕಪ್ಪು ಕೋಲು, ತಿರುಗಿಸುವ ರೀಲು, ಹಿಡಿಯಲು ಬೆಂಡಿನ ಹಿಡಿ. ಹಬ್ಬದ ಸೀರೆ ಬಂದ ದಿನವೂ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಅಂದಿನಿಂದ ಭಾನುವಾರ ಎಂದರೆ ಹೊಳೆ. ಅವಳಿಗೆ ಬೇಕಾದದ್ದು ಕುರುಡಿ ಮೀನು ಒಂದೇ. ಉಪ್ಪುನೀರು ಸಿಹಿನೀರು ಸೇರುವಲ್ಲಿ ಕಲ್ಲಿನ ಮರೆಯಲ್ಲಿ ನಿಲ್ಲುವ, ಬೆಳ್ಳಿ ಮೈಯ, ದೊಡ್ಡ ಬಾಯಿಯ, ಬಹಳ ಹಟದ ಮೀನು ಅದು. ಹೆದ್ದಾರಿಯ ಸೇತುವೆಯಿಂದ ಸ್ವಲ್ಪ ಕೆಳಗೆ ಒಂದು ಚಪ್ಪಟೆ ಕಲ್ಲು ಇದೆ, ಅದು ಅವಳದು. ಅದರ ಎಡಕ್ಕೆ ತೆಂಗಿನ ಬೊಡ್ಡೆ, ಅದು ನನ್ನದು. ನನ್ನ ಕೆಲಸ ಎರಡೇ: ಕೊಡೆ ಹಿಡಿಯುವುದು, ಬಾಯಿ ಮುಚ್ಚಿಕೊಂಡಿರುವುದು. ಕೊಡೆಯನ್ನು ಅವಳ ಕಡೆಗೆ ವಾಲಿಸುವುದರಿಂದ ನನ್ನ ಎಡ ಮೈ ಯಾವಾಗಲೂ ಬಿಸಿಲಿಗೆ. “ನಿಮ್ದು ಅರ್ಧ ಮೈ ಗಂಡಿನ ಫೋಟೊ, ಅರ್ಧ ಮೈ ಅದ್ರ ನೆಗೆಟಿವ್” ಎಂದು ನಗುತ್ತಿದ್ದಳು. ದಾರಿಯಲ್ಲಿ ಹೋಗುವವರು ಬಿಡುತ್ತಿದ್ದರೇ? “ಹೋಯ್, ಹೆಂಡ್ತಿ ಗಾಳ ಹಾಕೂದು, ನೀವು ಕೊಡೆ ಹಿಡಿಯೂದಾ?” ಎಂದು ಸೇತುವೆಯ ಮೇಲಿಂದ ಕೂಗುತ್ತಿದ್ದರು. ಅವಳು ನೀರಿನಿಂದ ಕಣ್ಣು ತೆಗೆಯದೆ, “ಅವ್ರನ್ನ ಗಾಳ ಹಾಕಿ ಹಿಡ್ದು ಆತು. ಇನ್ನು ಕೊಡೆ ಹಿಡೀದೆ ಎಂತ ಮಾಡ್ತ್ರು?” ಎನ್ನುತ್ತಿದ್ದಳು.

ಅವಳಿಗೆ ಒಂದು ಕಟ್ಟಳೆ ಇತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಉದ್ದ ಇಲ್ಲದ ಕುರುಡಿಯನ್ನು ಮನೆಗೆ ತರುವಂತಿಲ್ಲ. ಗಾಳ ಬಿಡಿಸಿ ನೀರಲ್ಲಿ ಹಿಡಿದು, “ಹೋಗು ಮಗಾ, ದೊಡ್ಡಾಗಿ ಬಾ” ಎಂದು ಬಿಟ್ಟುಬಿಡುತ್ತಿದ್ದಳು. ಎಷ್ಟೋ ಸಲ ಮನೆಯಲ್ಲಿ ನಾನು ತೆಂಗಿನಕಾಯಿ ತುರಿದು, ಮಸಾಲೆ ಅರೆದಿಟ್ಟು ಬಂದಿರುತ್ತಿದ್ದೆ. ಸಾರು ಕಣ್ಣೆದುರೇ ಬಾಲ ಆಡಿಸಿಕೊಂಡು ಹೋಗುವುದನ್ನು ನೋಡುವ ಸಂಕಟ ಹೇಳಿ ಪ್ರಯೋಜನವಿಲ್ಲ. ಆ ದಿನಗಳಲ್ಲಿ ಮೊಟ್ಟೆ ಹಾಕಿದ ಸಾರು ತಿನ್ನುತ್ತಿದ್ದೆವು.

ಈಗ ನನ್ನ ತಾಪತ್ರಯಕ್ಕೆ ಬರುತ್ತೇನೆ. ನಾಗವೇಣಿ ಹೋದ ಮೇಲೆ ನನಗೆ ಅನ್ನ ಬೇಯಿಸಿ ಹಾಕಲು ಹೆಬಳೆಯಿಂದ ನನ್ನ ಅಕ್ಕ ಬಂದು ಉಳಿದಿದ್ದಾಳೆ. ಅಕ್ಕ ಎಂದರೆ ನಮ್ಮ ಮನೆತನದ ಸುಪ್ರೀಂ ಕೋರ್ಟು. ವರ್ಷದ ಎಡೆ ಹತ್ತಿರ ಬಂದಾಗ ಅವಳು ತೀರ್ಪು ಕೊಟ್ಟಳು: “ತಮ್ಮಾ, ಸತ್ತವ್ರ ಕೈ ಸಾಮಾನು ಎಡೆ ಕಳ್ದ ಮೇಲೆ ಸುಮ್ನೆ ನಿಂತ್ಕಂಡಿರೂಕೆ ಆತಿಲ್ಲ. ಮನೇಲಿ ಬಳ್ಸೂರು ಇದ್ರೆ ಬಳ್ಸ್ಲಿ. ಇಲ್ದಿದ್ರೆ ಬಳ್ಸೂರಿಗೆ ಕೊಟ್ಬಿಡು. ಇಲ್ಲಾಂದ್ರೆ ಆ ಜೀವ ಅದ್ರ ಹತ್ರನೇ ಕಾಯ್ತಾ ಕೂತ್ಕಣ್ತದೆ.” ನಮ್ಮಲ್ಲಿ ಇದು ಹಿಂದಿನಿಂದ ಬಂದದ್ದು. ಸೀರೆಗಳು ಹೋದವು. ಹೊಲಿಗೆ ಮೆಷಿನ್ ನಾಗವೇಣಿಯ ಅಕ್ಕನ ಮಗಳಿಗೆ ಹೋಯಿತು. ಮಿಕ್ಸಿ ಉಳಿಯಿತು, ಯಾಕೆಂದರೆ ಅಕ್ಕ ಅದನ್ನು ಬಳಸುತ್ತಾಳೆ. ಕಾಯ್ದೆಗೆ ಸಂದು ಇರುವುದು ಕಾಯ್ದೆ ಮಾಡಿದವರಿಗೇ.

ಉಳಿದದ್ದು ಕೋಣೆಯ ಬಾಗಿಲ ಹಿಂದೆ ನಿಂತ ಗಾಳದ ಕೋಲು. ಕುಮಟಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನಾಗವೇಣಿಯ ತಮ್ಮ ಮೋಹನನಿಗೆ ಅದರ ಮೇಲೆ ಕಣ್ಣು. ಕೆಟ್ಟ ಕಣ್ಣಲ್ಲ, ಅವನೂ ತನ್ನ ಅಕ್ಕನ ಹಾಗೆಯೇ ಗಾಳದ ಹುಚ್ಚ. “ಭಾವ, ನೀವು ಅದ್ರಲ್ಲಿ ಜೇಡರ ಬಲೆ ತೆಗೀತ್ರಿ, ಅಷ್ಟೇ ಅಲ್ದಾ? ನನಗೆ ಕೊಡಿ, ಅಕ್ಕನ ಹೆಸ್ರು ಹೇಳ್ಕಂಡು ಹಾಕ್ತೆ” ಎಂದ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬಾಗಿಲು ತೆರೆದಾಗಲೆಲ್ಲ ಆ ಕೋಲು ಗೋಡೆಗೆ ತಾಗಿ ಟಕ್ ಎನ್ನುತ್ತದೆ. ಅವಳು ಇದ್ದಾಗ ಆ ಸದ್ದಿಗೆ ಎಷ್ಟು ಬೈದಿದ್ದೆ! ಈಗ ಮನೆಯಲ್ಲಿ ಅವಳ ಕಡೆಯಿಂದ ಕೇಳುವ ಸದ್ದು ಅದೊಂದೇ. ಬೆಂಡಿನ ಹಿಡಿಯಲ್ಲಿ ಅವಳ ಹೆಬ್ಬೆರಳು ಕೂತು ಕೂತು ಒಂದು ಗುಳಿ ಬಿದ್ದಿದೆ. ಸೀರೆಗಳಲ್ಲಿ ಬರೀ ಸೋಪಿನ ವಾಸನೆ ಉಳಿದಿತ್ತು. ಅದನ್ನೆಲ್ಲ ಅಕ್ಕನಿಗೆ ಹೇಳುವ ಬದಲು, “ನಾನೇ ಬಳಸ್ತೆ” ಎಂದುಬಿಟ್ಟೆ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೊಳೆಗೆ ಹಿಡ್ಕಂಡು ಹೋಗಿ ತಿರುಗಾಡ್ಸ್ಕಂಡು ಬಂದ್ರೆ ಬಳ್ಸಿದ್ದು ಆತಿಲ್ಲ. ಕೋಲಿಗೆ ಮೀನು ಬೀಳ್ಬೇಕು” ಎಂದಳು. ಎಡೆಯ ಹಿಂದಿನ ಭಾನುವಾರ ಮೋಹನ ಬರುವವನಿದ್ದ. ಅಂದು ಮೀನು ಬಂದರೆ ಕೋಲು ನನ್ನದು, ಇಲ್ಲದಿದ್ದರೆ ಕುಮಟಾ ಬಸ್ಸಿಗೆ.

ರೀಲಿನ ದಾರ ಒಣಗಿ ತುಂಡಾಗುತ್ತಿತ್ತು. ಹೊನ್ನಾವರದಲ್ಲಿ ಗಾಳದ ಸಾಮಾನಿನ ಅಂಗಡಿಯೊಂದಕ್ಕೆ ಅವಳ ಜೊತೆ ಹೋಗಿ ಹೊರಗೆ ನಿಂತದ್ದು ನೆನಪಿತ್ತು. ಈ ಸಲ ಒಳಗೆ ಹೋದೆ.

“ಎಂತ ಮೀನಿಗೆ?” ಎಂದ ಅಂಗಡಿಯವನು.

“ಕುರುಡಿಗೆ.”

“ಕೋಲು ಎಷ್ಟು ಉದ್ದ?”

“ಬಾಗಿಲಿಗಿಂತ ಸ್ವಲ್ಪ ಗಿಡ್ಡ.”

“ಯಾರ ಬಾಗಿಲು?”

“ನಮ್ಮ ಮನೆದು.”

ಅವನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ದಾರಗಳ ಡಬ್ಬಿ ತೆರೆದ. ನಾನು ದಾರ ತುಂಡಾಗುವುದೇ ಬೇಡ ಎಂದು ಎಲ್ಲಕ್ಕಿಂತ ದಪ್ಪದ್ದನ್ನು ಎತ್ತಿದೆ. “ಅದು ಕರು ಕಟ್ಟೂಕೆ ಆತು. ಎಸೆದ್ರೆ ನಿಮ್ಮ ಕಾಲ ಬುಡದಲ್ಲೇ ಬೀಳ್ತದೆ” ಎಂದು ಕಿತ್ತುಕೊಂಡು, ತೆಳ್ಳಗಿನ ದಾರ ಕೊಟ್ಟ. ಕುರುಡಿಯ ಕಿವಿರಿನ ಅಂಚು ಬ್ಲೇಡಿನ ಹಾಗಿರುವುದರಿಂದ ಗಾಳದ ಹತ್ತಿರ ಮಾತ್ರ ಒಂದು ಮೊಳ ದಪ್ಪ ದಾರ ಕಟ್ಟಬೇಕಂತೆ. ಆ ಬ್ಲೇಡನ್ನು ನಾನು ಬಲ್ಲೆ. ನಾಗವೇಣಿಯ ಬೆರಳಿಗೆ ಎಷ್ಟೋ ಸಲ ಅರಿಶಿನ ಹಚ್ಚಿದವನು ನಾನೇ. ಸಣ್ಣ ಸೀಸದ ಗುಂಡು, ಎರಡು ಗಾಳ ಆಯಿತು. ಕೊನೆಗೆ ಗಾಜಿನ ಒಳಗೆ ಕೆಂಪು ಬಾಲದ ಹಸಿರು ರಬ್ಬರ್ ಮೀನೊಂದು ನನ್ನನ್ನೇ ನೋಡುತ್ತಿತ್ತು. “ಇದು ಕುರುಡಿಗೆ ಇಷ್ಟವಾ?” ಎಂದು ಕೇಳಿದೆ. “ಕುರುಡಿಗೆ ಗೊತ್ತಿಲ್ಲ. ಗಿರಾಕಿಗೆ ಬಹಳ ಇಷ್ಟ” ಎಂದ. ಪ್ರಾಮಾಣಿಕ ಮನುಷ್ಯ. ತೆಗೆದುಕೊಂಡೆ.

ಆದರೂ ನನ್ನ ಭರವಸೆ ಇದ್ದದ್ದು ಸಿಗಡಿಯ ಮೇಲೆ. ನಾಗವೇಣಿ ಹಾಕುತ್ತಿದ್ದದ್ದು ಅದನ್ನೇ. ಶನಿವಾರ ಸಂಜೆ ಮೀನುಪೇಟೆಯಲ್ಲಿ ಒಳ್ಳೆಯ ಹಸಿ ಸಿಗಡಿ ಆರಿಸಿ ತಂದು, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಒಳಗೆ ಹಿಂದೆ ಇಟ್ಟೆ. ಬೆಳಿಗ್ಗೆ ದೋಸೆಗೆ ಸಿಗಡಿ ಸುಕ್ಕಾ ಬಡಿಸಿದಳು ಅಕ್ಕ. ಬಹಳ ರುಚಿಯಾಗಿತ್ತು. ವರ್ಷದಿಂದ ನನಗೆ ತಿಂದದ್ದರ ರುಚಿ ತಿಳಿಯುತ್ತಿರಲಿಲ್ಲ, ಅಂದು ತಿಳಿಯಿತು. “ಇನ್ನೊಂದು ಚೂರು ಹಾಕು” ಎಂದು ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆದು ಫ್ರಿಜ್ಜು ತೆರೆದೆ.

“ಅಕ್ಕಾ, ಡಬ್ಬಿಯಲ್ಲಿ ಇದ್ದದ್ದು ಎಲ್ಲಿ?”

“ಈಗ ತಿಂದ್ಯಲ ಮಾರಾಯ!”

“ಅದು ಗಾಳಕ್ಕೆ ತಂದದ್ದು.”

“ಅಷ್ಟು ಒಳ್ಳೆ ಸಿಗಡಿ ಗಾಳಕ್ಕಾ? ಮೀನಿಗೆ ಹಾಕೂದ್ಕಿಂತ ನಿಂಗೆ ಹಾಕೂದು ಒಳ್ಳೇದು. ಎರಡು ಬೆರಳು ದಪ್ಪ ಆದ್ರೂ ಆಗ್ತೆ.”

ಹೀಗೆ ಆ ದಿನ ಗಾಳದ ಸಿಗಡಿಗೆ ಮೊದಲು ಬಾಯಿ ಹಾಕಿದವನು ನಾನೇ ಆದೆ.

ರಬ್ಬರ್ ಮೀನು ಕಟ್ಟಿಕೊಂಡು ಹೊಳೆಗೆ ಹೋದೆ. ವರ್ಷದಿಂದ ಆ ಕಡೆ ಕಾಲಿಟ್ಟಿರಲಿಲ್ಲ. ಯಾರೂ ಇರಲಿಲ್ಲ, ಕಲ್ಲು ಹಾಗೇ ಇತ್ತು. ನಾನು ಹೋಗಿ ಅದರ ಮೇಲೆ ಕೂರಬೇಕಿತ್ತು, ಅಲ್ಲಿಂದಲೇ ನೀರು ಸರಿಯಾಗಿ ಸಿಗುವುದು. ಆದರೆ ಕಾಲು ತನ್ನಷ್ಟಕ್ಕೆ ತೆಂಗಿನ ಬೊಡ್ಡೆಗೆ ಹೋಯಿತು. ಅಲ್ಲೇ ಕೂತೆ. ಮೊದಲ ಎಸೆತ ಹಿಂದಿನ ಗಿಡಕ್ಕೆ ಹೋಯಿತು, ಎರಡನೆಯದು ನನ್ನ ಅಂಗಿಗೆ. ಮೂರನೆಯದು ಹೊಳೆಗೆ ಬಿತ್ತು, ಹೊಳೆ ದೊಡ್ಡದಾಗಿದ್ದದ್ದರಿಂದ.

ಆಮೇಲೆ ಏನೂ ಆಗಲಿಲ್ಲ. ಆ ಏನೂ ಆಗದೇ ಇರುವುದರ ಬಗ್ಗೆ ಒಂದು ಮಾತು ಹೇಳಬೇಕು. ಗಂಟೆ ಹೊಡೆದು ಹೊಡೆದು ನನಗೆ ಹೊತ್ತು ಪೀರಿಯಡ್ಡುಗಳಾಗಿಯೇ ಕಾಣುವುದು. ಇದು ಗಣಿತ, ಇದು ಹಿಂದಿ, ಇದು ಡ್ರಿಲ್ ಎಂದು ಮನಸ್ಸಿನಲ್ಲೇ ಗಂಟೆ ಬಾರಿಸುತ್ತೇನೆ. ಅವಳು ಆಸ್ಪತ್ರೆಯಲ್ಲಿದ್ದಾಗಲೂ ಬಾರಿಸುತ್ತಿದ್ದೆ. ಅವಳು ಹೋದ ಮೇಲಿನ ದಿನಗಳಿಗೆ ಮಾತ್ರ ಗಂಟೆಯೇ ಇರಲಿಲ್ಲ. ಎಲ್ಲ ಒಂದೇ ಉದ್ದದ ಪೀರಿಯಡ್ಡು, ಮಾಸ್ತರರು ಬಾರದ ತರಗತಿ. ಹೊಳೆಯ ಬದಿಯಲ್ಲೂ ಹಾಗೆಯೇ ಗಂಟೆ ಇಲ್ಲ. ಆದರೆ ಇಲ್ಲಿ ಅದು ಭಾರವಾಗಲಿಲ್ಲ. ಭರತದ ನೀರು ಸದ್ದಿಲ್ಲದೆ ಏರಿತು, ಕಲ್ಲಿನ ಕಾಲು ಮುಚ್ಚಿತು. ಸೇತುವೆಯ ಮೇಲೆ ಲಾರಿಗಳು ಹೋದವು. ಒಂದು ಕೊಕ್ಕರೆ ನನ್ನ ಹಾಗೆಯೇ ನಿಂತಿತ್ತು, ನನಗಿಂತ ಸ್ವಲ್ಪ ತಿಳಿದದ್ದರ ಹಾಗೆ. ಅವಳು ವಾರವಿಡೀ ಯಾರ್ಯಾರದೋ ಅಳತೆ ಹಿಡಿದು, ಕತ್ತರಿಸಿ, ಹೊಲಿದು, ಭಾನುವಾರ ಇಲ್ಲಿ ಬಂದು ಕೂರುತ್ತಿದ್ದದ್ದು ಮೀನಿಗೆ ಎಂದು ನಾನು ತಿಳಿದಿದ್ದೆ. ದಣಿದವರು ಕೂರಲು ಒಂದು ನೆಪ ಬೇಕಾಗುತ್ತದೆ, ಸುಮ್ಮನೆ ಕೂತರೆ ಯಾರಾದರೂ ಕೆಲಸ ಹೇಳುತ್ತಾರೆ. ಅಂದು ನಾನೂ ಬಹಳ ದಣಿದಿದ್ದೆ. ಕೋಲು ಕೈಯಲ್ಲಿ ಇದ್ದದ್ದರಿಂದ ಯಾರೂ ಏನೂ ಕೇಳಲಿಲ್ಲ.

ಹೀಗೆ ಮೀನು ಮರೆತೇ ಹೋಗಿದ್ದಾಗ ಕೋಲು ಬಾಗಿತು. ನಾನು ಎದ್ದೆನೋ ಬಿದ್ದೆನೋ, ರೀಲು ಯಾವ ಕಡೆ ತಿರುಗಿಸಿದೆನೋ ನನಗೇ ಗೊತ್ತಿಲ್ಲ. ಹೆಬ್ಬೆರಳು ಹೋಗಿ ಆ ಗುಳಿಯಲ್ಲಿ ಕೂತದ್ದು ಮಾತ್ರ ಗೊತ್ತು. ನೀರಿನಿಂದ ಬೆಳ್ಳಿಯ ಹಾಗೆ ಹೊಳೆಯುತ್ತ ಒಂದು ಕುರುಡಿ ಮೇಲೆ ಬಂತು. ಬಾಯಿಯಲ್ಲಿ ಕೆಂಪು ಬಾಲ. ಅಂಗಡಿಯವನು ನೋಡಬೇಕಿತ್ತು!

ಕೈಯ ಪಕ್ಕಕ್ಕೆ ಇಟ್ಟು ನೋಡಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೂ ಬರಲಿಲ್ಲ. ಇನ್ನೊಮ್ಮೆ ಇಟ್ಟೆ. ಕೈಯನ್ನು ಮಡಚಿ, ಭುಜವನ್ನು ಕುಗ್ಗಿಸಿ, ನನ್ನ ಕೈಯೇ ಗಿಡ್ಡ ಎಂದು ವಾದಿಸಲು ನೋಡಿದೆ. ಅಕ್ಕ ಹೇಳಿದ್ದು ಮೀನು ಎಂದು ಮಾತ್ರ, ಇಷ್ಟು ಉದ್ದ ಎಂದು ಹೇಳಿರಲಿಲ್ಲ. ಚೀಲಕ್ಕೆ ಹಾಕಿದರೆ ಕೋಲು ನನ್ನದು. ಮೀನು ನನ್ನನ್ನು ನೋಡುತ್ತಿತ್ತು. ಬಲಗಡೆ ಚಪ್ಪಟೆ ಕಲ್ಲು ಖಾಲಿ ಇತ್ತು, ಆದರೂ ಆ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಗಾಳ ಬಿಡಿಸಿದೆ, ಬೆರಳು ಕೊಯ್ದುಕೊಂಡೆ, ನೀರಲ್ಲಿ ಹಿಡಿದೆ. “ಹೋಗು ಮಗಾ” ಎಂದೆ. ಅದು ಅಷ್ಟಕ್ಕೇ ಹೋಯಿತು.

ಮನೆಯಲ್ಲಿ ಮೋಹನ ಜಗಲಿಯ ಮೇಲೆ ಚಾ ಕುಡಿಯುತ್ತಿದ್ದ. ಪಕ್ಕದಲ್ಲಿ ಕೋಲು ಸುತ್ತಿ ಒಯ್ಯಲು ಹಳೆಯ ಬೆಡ್‌ಶೀಟು.

“ಎಂತ ಭಾವ, ಸಿಕ್ತಾ?”

“ಸಿಕ್ತು.”

“ಎಲ್ಲಿ?”

“ಬಿಟ್ಟೆ.”

ಮೋಹನ ಚಾ ಲೋಟ ಕೆಳಗಿಟ್ಟ. “ಯಾವ ಮೀನು?”

“ಕುರುಡಿ. ಸಣ್ಣದು. ಬಿಟ್ಟೆ.”

“ನಿಜ್ವಾಗ್ಲೂ?”

“ಬೆರಳು ನೋಡು.”

ಅವನು ಬೆರಳು ನೋಡಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಹೆಬಳೆ ಅಕ್ಕಾ, ಬನ್ನಿ ಇಲ್ಲಿ! ಭಾವ ಒಂದೇ ದಿನದಲ್ಲಿ ಕಲ್ತು ಬಂದ್ರು! ಕುರುಡಿ ಸಿಕ್ತಂತೆ, ಬಿಟ್ರಂತೆ! ನಾನು ಬರಿಗೈಯಲ್ಲಿ ಬಂದ ದಿನ ಮನೇಲಿ ಹೇಳೂದೂ ಇದೇ. ಇಷ್ಟು ಮುಖ ಗಟ್ಟಿ ಮಾಡ್ಕಂಡು ಸುಳ್ಳು ಹೇಳೂಕೆ ನನಗೆ ಹತ್ತು ವರ್ಷ ಹಿಡಿದಿತ್ತು.” ಎದ್ದು ಬೆಡ್‌ಶೀಟು ಮಡಚಿದ. “ಇವ್ರು ಗಾಳದವ್ರೇ ಆದ್ರು. ಕೋಲು ಇಲ್ಲೇ ಇರ್ಲಿ.”

“ಸುಳ್ಳಲ್ಲ ಮಾರಾಯ” ಎಂದೆ. “ಹಾಂ, ಹಾಗೇ ಹೇಳ್ಬೇಕು” ಎಂದ. ಅಕ್ಕ ಬಾಗಿಲಲ್ಲಿ ನಿಂತು ನನ್ನ ಬೆರಳನ್ನು ಒಂದು ಗಳಿಗೆ ನೋಡಿದಳು. ಒಳಗೆ ಹೋಗಿ ಅರಿಶಿನ ತಂದು ಹಚ್ಚಿ, “ಆತು, ಬಳ್ಸಿದ್ದು ಆತು” ಎಂದಳು. ಬದುಕಿಡೀ ಹೆಡ್‌ಮಾಸ್ತರರ ಪರವಾಗಿ ಹೇಳಿದ ಸುಳ್ಳುಗಳಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ಈಗ ಒಂದು ನಿಜ ಹೇಳಿ, ಅದು ಸುಳ್ಳೆಂದು ಮೆಚ್ಚುಗೆಯಾಗಿ, ಕೋಲು ಸಿಕ್ಕಿತು.

ಎಡೆಗೆ ಪೇಟೆಯ ಕುರುಡಿಯೇ ಆಯಿತು. ಪೇಟೆಯದು ಎಂದರೆ ಮೂಗು ಮುರಿಯುತ್ತಿದ್ದವಳು ಮುಟ್ಟುತ್ತಾಳೋ ಇಲ್ಲವೋ ಎಂದು ನಾನು ಅಂಗಳದಲ್ಲಿ ಕೈ ಕಟ್ಟಿ ನಿಂತಿದ್ದೆ. ಎಲೆ ಇಟ್ಟು ಹಿಂದೆ ಸರಿಯುವುದರೊಳಗೆ ಕಾಗೆ ಬಂದು ದೊಡ್ಡ ತುಂಡನ್ನೇ ಎತ್ತಿಕೊಂಡು ಹೋಯಿತು. ಹಸಿದಿರಬೇಕು. ನಾನು ಮಾಡಿಟ್ಟ ಮಸಾಲೆಯ ಗುರುತು ಹತ್ತಿರಲೂಬಹುದು.

ಈಗ ಭಾನುವಾರ ನಾನೊಬ್ಬನೇ ಹೊಳೆಗೆ ಹೋಗಿ, ಅದೇ ತೆಂಗಿನ ಬೊಡ್ಡೆಯ ಮೇಲೆ ಕೂರುತ್ತೇನೆ. ಬರುವಾಗ ಯಾರಾದರೂ ಕೇಳಿದರೆ “ಸಿಕ್ತು, ಬಿಟ್ಟೆ” ಎನ್ನುತ್ತೇನೆ. ಮೊದಲ ದಿನ ಬಿಟ್ಟರೆ ಇವತ್ತಿನವರೆಗೆ ಏನೂ ಸಿಕ್ಕಿಲ್ಲ. ಮೊನ್ನೆ ಊಟಕ್ಕೆ ಬಡಿಸುತ್ತ ಅಕ್ಕ ನನ್ನ ಕೈಗಳನ್ನು ಅಕ್ಕಪಕ್ಕ ಇಡಿಸಿ ನೋಡಿದಳು.

“ತಮ್ಮಾ, ಕೊಡೆ ಒಯ್ಯೂದಿಲ್ವ ನೀನು?”

“ಒಯ್ತೆ.”

“ಮತ್ತೆ ಎಂತಕ್ಕೆ ಎಡಗೈ ಒಂದೇ ಇಷ್ಟು ಕಪ್ಪಾಗಿದೆ?”

“ಕೊಡೆ ಸಣ್ಣದು” ಎಂದೆ. ಈ ಸಲದ್ದು ಸುಳ್ಳೇ. ಅಕ್ಕ ನಂಬಿದಳು.